ಗಾಡಿಮನೆಯ ಮೈಗೆ ಅಂಟಿದ ಡಾಂಬರನ್ನು ತೆಗೆಯುವ ಬಗೆ

ಪುಣೆಯಿಂದ ಹೊರಟು ಕೊಲ್ಹಾಪುರ, ಬೆಳಗಾವಿ ದಾಟಿ, ಚೋರ್ಲಾ ಘಾಟ್ ಇಳಿದು ಗೋವಾ ಸೇರಿ, ಅಲ್ಲಿಂದ ಕೊಂಕಣದ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಪನ್ವೇಲ್ ಮಾರ್ಗವಾಗಿ ಮರಳುವ ಸುತ್ತನ್ನು ಪ್ರವಾಸದ ಟ್ರೇಲರ್, ಅಂದರೆ ಕಾರಿನ ಹಿಂದೆ ಕಟ್ಟಿಕೊಳ್ಳುವ ಗಾಲಿಯ ಮನೆ, ಎಳೆದುಕೊಂಡು ಒಮ್ಮೆ ಮುಗಿಸಿದವರಿಗೆ, ಗಾಡಿಯ ಬಿಳಿ ಮೈಮೇಲೆ ಕರಿಮೆಣಸು ಎರಚಿದಂತೆ ಕೂರುವ ಕಪ್ಪು ಚುಕ್ಕೆಗಳನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಮಳೆಗಾಲದ ಹೊಂಡಗಳನ್ನು ಗಣಪತಿ ಹಬ್ಬಕ್ಕೆ ಮುಂಚೆ ತರಾತುರಿಯಲ್ಲಿ ಮುಚ್ಚುವ ದಿನಗಳಲ್ಲಂತೂ, ಮುಂಬಯಿಯಿಂದ ಊರಿಗೆ ಹೊರಟ ಪ್ರತಿ ವಾಹನವೂ ಹಸಿ ಡಾಂಬರಿನ ಪಾಲನ್ನು ಹೊತ್ತುಕೊಂಡೇ ಊರು ಸೇರುತ್ತದೆ. ಕಾರಿಗೆ ಅದು ಗಾಲಿಯ ಹಿಂಭಾಗದಲ್ಲಿ ಅಂಗೈಯಗಲ ಹತ್ತಿದರೆ, ಟ್ರೇಲರಿಗೆ ಮಾತ್ರ ಎರಡು ಕಡೆಯಿಂದ ಪೆಟ್ಟು: ಮುಂದೆ ಎಳೆಯುವ ವಾಹನದ ಹಿಂಗಾಲಿಗಳು ಎರಚಿದ್ದೆಲ್ಲ ಟ್ರೇಲರಿನ ಮುಂಗೋಡೆಗೆ ಬಡಿಯುತ್ತದೆ, ತನ್ನದೇ ಗಾಲಿಗಳು ಎರಚಿದ್ದು ಪಕ್ಕದ ಗೋಡೆಯ ಕೆಳಭಾಗಕ್ಕೆ ಅಂಟುತ್ತದೆ.

ನಾನು ಪಿಂಪ್ರಿ-ಚಿಂಚವಾಡದಲ್ಲಿ ನೆಲೆಸಿ, ನಾಲ್ಕೂವರೆ ಮೀಟರ್ ಉದ್ದದ ಇಂಥದೊಂದು ಟ್ರೇಲರನ್ನು ವರ್ಷಕ್ಕೆ ಎರಡು ಮೂರು ಸಲ ಬೆಳಗಾವಿ, ಕಾರವಾರಗಳ ಕಡೆಗೆ ಎಳೆದೊಯ್ಯುವವನು. ನಮ್ಮ ಮನೆಯಲ್ಲಿ ಅದಕ್ಕೆ ಗಾಡಿಮನೆ ಎಂದೇ ಹೆಸರು. ಈ ಕೆಲಸದಲ್ಲಿ ನಾನು ಕಂಡುಕೊಂಡದ್ದು ಇಷ್ಟು: ಡಾಂಬರು ತಾನಾಗಿ ಗಾಡಿಗೆ ಮಾಡುವ ಹಾನಿ ಅಲ್ಪ, ಅದನ್ನು ತೆಗೆಯುವ ಅವಸರದಲ್ಲಿ ನಾವು ಮಾಡುವ ಹಾನಿ ದೊಡ್ಡದು. ಮೊದಲ ವರ್ಷ ಅಂಬೋಲಿಯಿಂದ ಬಂದ ಮರುದಿನ, ಮನೆಯ ಬಾಗಿಲಿಗೆ ಬಣ್ಣ ಹೊಡೆಸಿದಾಗ ಉಳಿದಿದ್ದ ಥಿನ್ನರನ್ನು ಬಟ್ಟೆಗೆ ಸುರಿದುಕೊಂಡು, ಅಡುಗೆಕಟ್ಟೆಯ ಪಕ್ಕದ ಕಿಟಕಿಯ ಮೇಲಿದ್ದ ಎರಡು ಚುಕ್ಕೆಗಳನ್ನು ಒರೆಸಿದೆ. ಚುಕ್ಕೆಗಳು ಕ್ಷಣದಲ್ಲಿ ಮಾಯವಾದವು. ಸಂಜೆಯ ಇಳಿಬಿಸಿಲು ಅದೇ ಕಿಟಕಿಯ ಮೇಲೆ ಓರೆಯಾಗಿ ಬಿದ್ದಾಗ, ಒರೆಸಿದ ಜಾಗದ ತುಂಬ ಕೂದಲೆಳೆಯಂತಹ ಬಿರುಕುಗಳು ಹೊಳೆಯುತ್ತಿದ್ದವು. ಅದು ಗಾಜಲ್ಲ, ಅಕ್ರಿಲಿಕ್ ಹಾಳೆ ಎಂಬುದು ನನಗೆ ತಿಳಿದದ್ದು ಆ ಹೊತ್ತಿಗೆ. ಆ ಕಿಟಕಿ ಇಂದಿಗೂ ಹಾಗೆಯೇ ಇದೆ, ನನ್ನ ಹೆಂಡತಿ ಅದರ ಮೇಲೆ ಪರದೆ ಇಳಿಬಿಟ್ಟಿದ್ದಾಳೆ.

ನೀರಿಗೂ ಸೋಪಿಗೂ ಅದು ಜಗ್ಗದಿರುವುದೇಕೆ

ನಾವು ರೂಢಿಯಲ್ಲಿ ಡಾಂಬರು ಎನ್ನುವುದು ಇಂದಿನ ರಸ್ತೆಗಳಲ್ಲಿ ಬಿಟುಮೆನ್, ಅಂದರೆ ಕಚ್ಚಾ ತೈಲವನ್ನು ಶುದ್ಧೀಕರಿಸಿ ಪೆಟ್ರೋಲು, ಡೀಸೆಲ್ಲುಗಳನ್ನೆಲ್ಲ ತೆಗೆದ ಮೇಲೆ ತಳದಲ್ಲಿ ಉಳಿಯುವ ಮಂದವಾದ ಕಪ್ಪು ಅಂಟು. ಕಲ್ಲಿದ್ದಲಿನಿಂದ ಬರುವ ಟಾರು ಬೇರೆಯ ವಸ್ತು. ಬಿಟುಮೆನ್ ಎಣ್ಣೆಯ ಕುಲಕ್ಕೆ ಸೇರಿದ್ದಾದ್ದರಿಂದ ನೀರು ಅದನ್ನು ಮುಟ್ಟುವುದೇ ಇಲ್ಲ, ಸೋಪು ಮೇಲಿನ ಧೂಳನ್ನಷ್ಟೇ ತೊಳೆಯುತ್ತದೆ. ಅದನ್ನು ಕರಗಿಸಬೇಕಾದರೆ ಅದರ ಕುಲದ್ದೇ ಆದ ಇನ್ನೊಂದು ಎಣ್ಣೆ ಬೇಕು. ನಮ್ಮ ಹೆದ್ದಾರಿಗಳಲ್ಲಿ ಹೆಚ್ಚಾಗಿ ಬಳಸುವ ವಿಜಿ-30 ದರ್ಜೆಯ ಬಿಟುಮೆನ್ ಮೆತ್ತಗಾಗಲು ಭಾರತೀಯ ಮಾನಕದ ಪ್ರಕಾರ ಕನಿಷ್ಠ 47 ಡಿಗ್ರಿ ಸೆಲ್ಸಿಯಸ್ ಬೇಕು. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಕಪ್ಪು ರಸ್ತೆಯ ಮೈ ಈ ಮಟ್ಟವನ್ನು ಸುಲಭವಾಗಿ ದಾಟುವುದರಿಂದ, ಹಳೆಯ ರಸ್ತೆ ಕೂಡ ಆ ಹೊತ್ತಿನಲ್ಲಿ ಗಾಲಿಗೆ ಅಂಟಿ ಏಳುತ್ತದೆ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಹೊಸ ಪದರ ಹಾಕುವ ಮುನ್ನ ರಸ್ತೆಯ ಮೇಲೆ ಸಿಂಪಡಿಸುವ ಎಮಲ್ಷನ್ ಎಂಬುದು ಬಿಟುಮೆನ್ನಿನ ಸೂಕ್ಷ್ಮ ಹನಿಗಳನ್ನು ನೀರಿನಲ್ಲಿ ತೇಲಿಸಿದ ಮಿಶ್ರಣ. ಸಿಂಪಡಿಸಿದ ಹೊಸತರಲ್ಲಿ ಅದು ಚಾಕೊಲೇಟಿನಂತೆ ಕಂದಾಗಿರುತ್ತದೆ, ನೀರು ಬೇರ್ಪಟ್ಟು ಆರಿದ ಮೇಲೆ ಕಪ್ಪಾಗುತ್ತದೆ. ಕಂದು ಬಣ್ಣದಲ್ಲಿರುವಾಗ ಗಾಡಿಗೆ ಎರಚಿದರೆ ಬರಿಯ ನೀರಿನಿಂದಲೇ ಅದು ಹೋಗುತ್ತದೆ, ಕಪ್ಪಾದರೆ ಹೋಗುವುದಿಲ್ಲ. ಆದ್ದರಿಂದ ಅಂತಹ ರಸ್ತೆಯನ್ನು ದಾಟಿದೊಡನೆ ಮುಂದಿನ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ, ಎರಡು ಬಕೆಟ್ ನೀರು ಎರಚಿದರೆ ಮನೆಯಲ್ಲಿ ಅರ್ಧ ದಿನದ ಕೆಲಸ ಉಳಿಯುತ್ತದೆ.

ಕಪ್ಪಾಗಿ ಕಂಡದ್ದೆಲ್ಲ ಡಾಂಬರೇ ಆಗಿರಬೇಕೆಂದಿಲ್ಲ. ಬ್ರೇಕಿನಿಂದ ಹಾರಿದ ಕಬ್ಬಿಣದ ಪುಡಿ ತುಕ್ಕು ಹಿಡಿದು ಕೂತಿರಬಹುದು, ಮರದ ಅಂಟಿರಬಹುದು, ಹೊಸದಾಗಿ ಗೆರೆ ಎಳೆದ ರಸ್ತೆಯ ಬಣ್ಣವೂ ಇರಬಹುದು. ಚುಕ್ಕೆಯ ಮೇಲೆ ಒಂದು ಹನಿ ಅಡುಗೆ ಎಣ್ಣೆ ಬಿಟ್ಟು, ಎರಡು ನಿಮಿಷ ಬಿಟ್ಟು, ಬಿಳಿ ಬಟ್ಟೆಯಿಂದ ಒತ್ತಿ ನೋಡಿ. ಬಟ್ಟೆಗೆ ಕಂದು ಬಣ್ಣ ಬಂದರೆ ಅದು ಡಾಂಬರು. ಬಾರದಿದ್ದರೆ ಈ ಲೇಖನದ ಮುಂದಿನ ಕ್ರಮ ಅದಕ್ಕೆ ಅನ್ವಯಿಸುವುದಿಲ್ಲ.

ಗಾಡಿಯ ಮೈ ಯಾವುದರಿಂದ ಆಗಿದೆ ಎಂಬುದನ್ನು ತಿಳಿಯುವುದು

ಕಾರಿನ ಮೈ ಎಂದರೆ ಒಲೆಯಲ್ಲಿ ಸುಟ್ಟು ಗಟ್ಟಿಯಾದ ಬಣ್ಣ ಮತ್ತು ಗಾಜು. ಟ್ರೇಲರಿನ ಮೈಯಲ್ಲಿ ಒಂದರ ಪಕ್ಕ ಒಂದು ಆರೇಳು ಬಗೆಯ ವಸ್ತುಗಳು ಕೂತಿರುತ್ತವೆ, ಒಂದಕ್ಕೆ ಒಗ್ಗಿದ್ದು ಇನ್ನೊಂದಕ್ಕೆ ವಿಷ. ಗೋಡೆಗೆ ಅಯಸ್ಕಾಂತ ಹಿಡಿದು ನೋಡಿ: ಅಂಟಿದರೆ ಉಕ್ಕಿನ ತಗಡು, ಅಂಟದಿದ್ದರೆ ಅಲ್ಯೂಮಿನಿಯಂ ಅಥವಾ ಎಫ್‌ಆರ್‌ಪಿ, ಅಂದರೆ ಗಾಜಿನ ನಾರು ಸೇರಿಸಿ ಗಟ್ಟಿಮಾಡಿದ ಪ್ಲಾಸ್ಟಿಕ್. ಇವೆರಡರಲ್ಲಿ ಯಾವುದು ಎಂಬುದನ್ನು ಗಾಲಿಯ ಕಮಾನಿನ ಒಳ ಅಂಚಿನಲ್ಲಿ ಬೆರಳಾಡಿಸಿ ತಿಳಿಯಬಹುದು. ಗಾಜಿನ ನಾರು ಕಂಡರೆ ಅದು ಎಫ್‌ಆರ್‌ಪಿ. ಎಫ್‌ಆರ್‌ಪಿಯ ಮೇಲ್ಮೈಯಲ್ಲಿರುವುದು ಬಣ್ಣವಲ್ಲ, ಜೆಲ್‌ಕೋಟ್ ಎಂಬ ರಾಳದ ಪದರ. ಹೊಸದಿದ್ದಾಗ ಅದು ಪಿಂಗಾಣಿಯಂತೆ ನುಣುಪಾಗಿರುತ್ತದೆ, ನಾಲ್ಕಾರು ವರ್ಷ ಬಿಸಿಲು ತಿಂದ ಮೇಲೆ ಸುಣ್ಣದಂತೆ ಪುಡಿಯೇಳುತ್ತದೆ, ಆಗ ಡಾಂಬರಿನ ಎಣ್ಣೆಯಂಶವನ್ನು ಒಳಗೆ ಹೀರಿಕೊಂಡು ಹಳದಿ ಕಲೆ ಉಳಿಸಿಕೊಳ್ಳುತ್ತದೆ.

ಸಣ್ಣ ಕಾರ್ಖಾನೆಗಳಲ್ಲಿ ಮಾಡಿಸಿದ ಟ್ರೇಲರುಗಳಿಗೆ ಸಾಮಾನ್ಯ ಎನಾಮೆಲ್ ಬಣ್ಣ ಬಳಿದಿರುವುದುಂಟು. ಅದು ಕಾರಿನ ಬಣ್ಣಕ್ಕಿಂತ ಬಹಳ ಮೆತು. ಹೊಸದಾಗಿ ಬಣ್ಣ ಹೊಡೆಸಿ ಒಂದು ತಿಂಗಳಾಗದ ಗಾಡಿಗೆ ಅಡುಗೆ ಎಣ್ಣೆಯ ಹೊರತು ಬೇರೇನನ್ನೂ ಸೋಕಿಸಬಾರದು.

ಕಿಟಕಿಗಳು ಬಹುಪಾಲು ಅಕ್ರಿಲಿಕ್, ಹಿಂಬದಿಯ ದೀಪಗಳ ಹೊದಿಕೆ ಅಕ್ರಿಲಿಕ್ ಅಥವಾ ಪಾಲಿಕಾರ್ಬನೇಟ್. ಬಾಗಿಲು ಕಿಟಕಿಗಳ ಸುತ್ತ ರಬ್ಬರಿನ ಬೀಡಿಂಗ್ ಇರುತ್ತದೆ, ಅದು ಪೆಟ್ರೋಲಿಯಂ ಎಣ್ಣೆ ಕುಡಿದರೆ ಊದಿಕೊಂಡು ಸಡಿಲವಾಗುತ್ತದೆ. ಇವೆಲ್ಲಕ್ಕಿಂತ ಮುಖ್ಯವಾದದ್ದು ಕಣ್ಣಿಗೆ ಕಾಣದ ಪದರ. ತಂಪಿಗಾಗಿ ಗೋಡೆಯ ಎರಡು ಹಾಳೆಗಳ ನಡುವೆ ಥರ್ಮಾಕೋಲ್ ತುಂಬಿದ್ದರೆ, ಸ್ಕ್ರೂ ತೂತಿನಿಂದಲೋ ಕೀಲಿನ ಬಿರುಕಿನಿಂದಲೋ ಒಳಗಿಳಿದ ಪೆಟ್ರೋಲು, ಥಿನ್ನರು, ಕಿತ್ತಳೆ ಸಿಪ್ಪೆಯ ಎಣ್ಣೆ ಇವು ಮೂರೂ ಅದನ್ನು ಕರಗಿಸಿ ಗುಳಿ ಮಾಡುತ್ತವೆ. ನಂಬಿಕೆ ಬಾರದವರು ಟಿವಿ ಪೆಟ್ಟಿಗೆಯಲ್ಲಿ ಬಂದ ಥರ್ಮಾಕೋಲಿನ ತುಂಡಿನ ಮೇಲೆ ನಾಲ್ಕು ಹನಿ ಪೆಟ್ರೋಲು ಬಿಟ್ಟು ನೋಡಬಹುದು. ಹೊರಗಿನಿಂದ ಏನೂ ಕಾಣುವುದಿಲ್ಲ, ಒಂದು ದಿನ ಗೋಡೆಗೆ ಕೈಯೂರಿದಾಗ ಒಳಕ್ಕೆ ತಗ್ಗುತ್ತದೆ.

ಯಾವುದರಿಂದ ತೆಗೆಯಬೇಕು

ಅಡುಗೆಮನೆಯ ಎಣ್ಣೆಯಿಂದಲೇ ಆರಂಭಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಒಂದೆರಡು ವಾರದೊಳಗಿನ ಸಣ್ಣ ಚುಕ್ಕೆಗಳಿಗೆ ಕೊಬ್ಬರಿ ಎಣ್ಣೆಯಾಗಲಿ ಶೇಂಗಾ ಎಣ್ಣೆಯಾಗಲಿ ಸಾಕು, ನಿಧಾನವೆಂಬುದೊಂದೇ ಅದರ ದೋಷ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುವುದರಿಂದ, ಪುಣೆಯ ಡಿಸೆಂಬರ್ ಬೆಳಗಿನಲ್ಲಿ ಅದನ್ನು ನೆಚ್ಚಬೇಡಿ.

ಎರಡನೆಯದು ಸೀಮೆಎಣ್ಣೆ. ಇದನ್ನೇ ಉತ್ತರ ಕರ್ನಾಟಕದವರು ಚಿಮಣಿ ಎಣ್ಣೆ ಎನ್ನುತ್ತಾರೆ, ಪುಣೆಯ ಅಂಗಡಿಯಲ್ಲಿ ರಾಕೇಲ್ ಎಂದು ಕೇಳಬೇಕು. ಈಗ ಅದು ಮೊದಲಿನಂತೆ ಸುಲಭವಾಗಿ ಸಿಗುವುದಿಲ್ಲವಾದರೂ ಸಿಕ್ಕರೆ ಗಟ್ಟಿಯಾದ ಬಣ್ಣಕ್ಕೆ, ಜೆಲ್‌ಕೋಟಿಗೆ ಉತ್ತಮ. ಅಕ್ರಿಲಿಕ್ಕಿಗೂ ಅದು ಕೇಡು ಮಾಡುವುದಿಲ್ಲ, ಒರೆಸಿದೊಡನೆ ಸೋಪು ನೀರಿನಿಂದ ತೊಳೆಯಬೇಕಷ್ಟೆ. ಬಣ್ಣದ ಅಂಗಡಿಗಳಲ್ಲಿ ಸಿಗುವ ಟರ್ಪೆಂಟೈನ್ ಇದಕ್ಕಿಂತ ಚುರುಕು. ಅದನ್ನು ಗೋಡೆಗೆ ಮಾತ್ರ ಬಳಸಿ, ಕಿಟಕಿಗೂ ಬೀಡಿಂಗಿಗೂ ಬೇಡ.

ಮೂರನೆಯದು ಡಾಂಬರು ತೆಗೆಯಲೆಂದೇ ಬರುವ ಸಿದ್ಧ ದ್ರಾವಣಗಳು. ಪುಣೆಯ ನಾನಾ ಪೇಠೆಯಂತಹ ಬಿಡಿಭಾಗಗಳ ಮಾರುಕಟ್ಟೆಯಲ್ಲಿ ಇವು ಸಿಗುತ್ತವೆ. ಅನೇಕರು ತುಕ್ಕು ಬಿಡಿಸಲು ಬಳಸುವ ಡಬ್ಲ್ಯುಡಿ-40 ಎಂಬ ಸ್ಪ್ರೇಯನ್ನೇ ಬಳಸುತ್ತಾರೆ, ಅದೂ ನಡೆಯುತ್ತದೆ. ಡಬ್ಬಿಯ ಹಿಂದೆ ಪ್ಲಾಸ್ಟಿಕ್ಕಿಗೆ ಆಗುತ್ತದೋ ಇಲ್ಲವೋ ಎಂಬುದನ್ನು ಓದಿಯೇ ಕೊಳ್ಳಿ. ಕೇಳುವಾಗ ಮಾತ್ರ ಎಚ್ಚರ: ಡಾಂಬರ್ ಎಂಬ ಪದ ಕನ್ನಡ ಮರಾಠಿಗಳೆರಡರಲ್ಲೂ ಒಂದೇ ಎಂಬ ಧೈರ್ಯದಲ್ಲಿ ನಾನು ಅರ್ಧಂಬರ್ಧ ಮರಾಠಿಯಲ್ಲಿ ಕೇಳಿದಾಗ, ನಮ್ಮ ಬೀದಿಯ ಅಂಗಡಿಯ ಹುಡುಗ ಬಟ್ಟೆಯ ಬೀರುವಿಗೆ ಹಾಕುವ ಬಿಳಿ ಗುಳಿಗೆಗಳ ಪೊಟ್ಟಣ ತಂದು ಕೈಗಿಟ್ಟ. ಮರಾಠಿಯಲ್ಲಿ ಆ ನುಸಿಗುಳಿಗೆಗಳಿಗೆ ಡಾಂಬರ್ ಗೋಳ್ಯಾ ಎಂದು ಹೆಸರು.

ಪೆಟ್ರೋಲು ಬೇಡ. ಅದು ಡಾಂಬರನ್ನು ಕರಗಿಸುತ್ತದೆಂಬುದು ನಿಜ, ಹೆದ್ದಾರಿಯ ಬದಿಯ ತೊಳೆಯುವ ಅಂಗಡಿಗಳಲ್ಲಿ ಅದನ್ನೇ ಬಳಸುವುದೂ ನಿಜ. ಆದರೆ ಅದರ ಆವಿ ಕೊರೆಯುವ ಚಳಿಯಲ್ಲೂ ಕಿಡಿ ತಾಕಿದರೆ ಹೊತ್ತಿಕೊಳ್ಳುತ್ತದೆ, ಸ್ಟಿಕರಿನ ಅಂಟನ್ನು ಬಿಡಿಸುತ್ತದೆ, ಎನಾಮೆಲ್ಲಿನ ಹೊಳಪನ್ನು ಕೊಲ್ಲುತ್ತದೆ. ಥಿನ್ನರಿನ ಕಥೆ ಆಗಲೇ ಹೇಳಿದ್ದೇನೆ.

ಕೆಲಸಕ್ಕೆ ಮುನ್ನ

ಗಾಡಿಯನ್ನು ನೆರಳಿನಲ್ಲಿ, ಗಾಳಿಯಾಡುವ ಜಾಗದಲ್ಲಿ ನಿಲ್ಲಿಸಿ ಗಾಲಿಗಳಿಗೆ ಅಡ್ಡೆ ಕೊಡಿ. ಅಡುಗೆ ಅನಿಲದ ಸಿಲಿಂಡರಿನ ಕವಾಟವನ್ನು ಮುಚ್ಚಿ, ಅನಿಲದಿಂದ ನಡೆಯುವ ಫ್ರಿಜ್ ಇದ್ದರೆ ಅದರ ಉರಿ ಆರಿದೆಯೇ ಎಂದು ನೋಡಿ, ಏಕೆಂದರೆ ಫ್ರಿಜ್ಜಿನ ಗಾಳಿಕಿಂಡಿಗಳು ಹೊರಗೋಡೆಯಲ್ಲೇ ಇರುತ್ತವೆ. ನೀವು ಒರೆಸುತ್ತಿರುವ ಜಾಗದಲ್ಲಿ ಉರಿಗೂ ನಿಮ್ಮ ಬಟ್ಟೆಗೂ ನಡುವೆ ಒಂದು ಜಾಲರಿ ಮಾತ್ರ. ಕೈಗೆ ನೈಟ್ರೈಲ್ ಗವುಸು ಬೇಕು. ಬಿಳಿಯ ತೆಳು ಲೇಟೆಕ್ಸ್ ಗವುಸು ಸೀಮೆಎಣ್ಣೆಗೆ ಊದಿ ಹರಿಯುತ್ತದೆ. ಹಳೆಯ ಬನಿಯನ್ನುಗಳನ್ನು ಹರಿದು ಹದಿನೈದು ಇಪ್ಪತ್ತು ತುಂಡು ಮಾಡಿಕೊಳ್ಳಿ. ಬಿಳಿ ಬನಿಯನ್ನೇ ಆಗಬೇಕು, ಬಣ್ಣದ ಬಟ್ಟೆಯಲ್ಲಿ ಡಾಂಬರು ಬಂತೋ ಗಾಡಿಯ ಬಣ್ಣವೇ ಬಂತೋ ತಿಳಿಯುವುದಿಲ್ಲ.

ಮೊದಲು ಗಾಡಿಯನ್ನು ಶಾಂಪೂ ನೀರಿನಿಂದ ಮೇಲಿನಿಂದ ಕೆಳಕ್ಕೆ ತೊಳೆಯಿರಿ. ಈ ಹಂತವನ್ನು ಬಿಟ್ಟುಬಿಡುವವರೇ ಹೆಚ್ಚು. ಡಾಂಬರಿನ ಸುತ್ತ ಕೂತಿರುವ ಕೆಂಪು ಧೂಳೂ ಜಲ್ಲಿಪುಡಿಯೂ ಎಣ್ಣೆಬಟ್ಟೆಗೆ ಸಿಕ್ಕರೆ ಅದು ಉಪ್ಪುಕಾಗದವಾಗಿ ಗೀಚುತ್ತದೆ. ನೀರಿನ ಜೆಟ್ ಬಳಸುವುದಾದರೆ ಕೀಲು, ಬೀಡಿಂಗ್, ಸ್ಟಿಕರಿನ ಅಂಚು, ಗಾಳಿಕಿಂಡಿಗಳ ಕಡೆಗೆ ಅದನ್ನು ತಿರುಗಿಸಬೇಡಿ. ಎಷ್ಟೇ ಒತ್ತಡವಿದ್ದರೂ ನೀರಿನಿಂದ ಡಾಂಬರು ಏಳದು, ನೀರು ಗೋಡೆಯೊಳಗೆ ಇಳಿಯುವುದಷ್ಟೇ ಆದೀತು.

ಪೂರ್ತಿ ಒಣಗಿದ ಮೇಲೆ ಚುಕ್ಕೆಗಳನ್ನು ನೋಡುತ್ತ ಒಂದು ಸುತ್ತು ಬನ್ನಿ. ಒಡೆದ ಸೀಲೆಂಟ್ (ಸಂದಿ ಮುಚ್ಚುವ ಅಂಟು), ಸಡಿಲ ಸ್ಕ್ರೂ ಕಂಡಲ್ಲಿ ಬಣ್ಣದವರು ಬಳಸುವ ಕಾಗದದ ಟೇಪನ್ನು ಅಂಟಿಸಿ ಮುಚ್ಚಿ. ಕಿಟಕಿ ಮತ್ತು ದೀಪಗಳ ಅಂಚಿಗೂ ಹಾಗೆಯೇ. ಗೋಡೆಯ ತಳದಲ್ಲಿ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ, ನೀವು ಆರಿಸಿಕೊಂಡ ದ್ರಾವಣದಲ್ಲಿ ನೆನೆದ ಬಟ್ಟೆಯನ್ನು ಐದು ನಿಮಿಷ ಒತ್ತಿಟ್ಟು ತೆಗೆಯಿರಿ. ಬಟ್ಟೆಗೆ ಗಾಡಿಯ ಬಣ್ಣ ಹತ್ತಿದರೆ, ಇಲ್ಲವೇ ಆ ಜಾಗ ಬೆರಳಿಗೆ ಜಿಗುಟಾದರೆ, ಅಡುಗೆ ಎಣ್ಣೆಗೇ ಮರಳಿ.

ಹೊತ್ತಿನ ಆಯ್ಕೆಯೂ ಮುಖ್ಯ. ಗೋಡೆಗೆ ಅಂಗೈ ಇಟ್ಟರೆ ಬೆಚ್ಚಗೆನಿಸಬೇಕು, ಸುಡಬಾರದು. ಸುಡುವ ಗೋಡೆಯ ಮೇಲೆ ದ್ರಾವಣ ಕೆಲಸ ಮಾಡುವ ಮುನ್ನವೇ ಆರಿಹೋಗುತ್ತದೆ, ಮೆತ್ತಗಾದ ಡಾಂಬರು ಕಾಡಿಗೆಯಂತೆ ಹರಡುತ್ತದೆ. ಚಳಿಗಾಲದ ಬೆಳಗಿನಲ್ಲಿ ಅದು ಕಲ್ಲಾಗಿರುತ್ತದೆ. ಪುಣೆಯಲ್ಲಿ ನವೆಂಬರಿನಿಂದ ಫೆಬ್ರುವರಿಯವರೆಗೆ ಹತ್ತು ಗಂಟೆಯ ಮೇಲೆ, ಬೇಸಿಗೆಯಲ್ಲಿ ಎಂಟು ಗಂಟೆಯೊಳಗೆ ನಾನು ಈ ಕೆಲಸಕ್ಕೆ ಕೂರುತ್ತೇನೆ.

ಒಂದು ಚುಕ್ಕೆಯನ್ನು ತೆಗೆಯುವ ಕ್ರಮ

ಮುಂಗೋಡೆಯ ಮೇಲೆ ಒಂದಡಿ ಉದ್ದಗಲದ ಜಾಗವನ್ನು ಮಾತ್ರ ತೆಗೆದುಕೊಳ್ಳಿ. ಬಟ್ಟೆಯ ತುಂಡನ್ನು ದ್ರಾವಣದಲ್ಲಿ ತೊಟ್ಟಿಕ್ಕದಷ್ಟು ನೆನೆಸಿ, ಜ್ವರದವರ ಹಣೆಗೆ ಒದ್ದೆಪಟ್ಟಿ ಹಾಕಿದಂತೆ ಚುಕ್ಕೆಗಳ ಮೇಲೆ ಹಾಸಿ ಅಂಗೈಯಿಂದ ಒತ್ತಿ ಬಿಡಿ. ಸೀಮೆಎಣ್ಣೆಯಾದರೆ ಎರಡು ಮೂರು ನಿಮಿಷ, ಅಡುಗೆ ಎಣ್ಣೆಯಾದರೆ ಹದಿನೈದರಿಂದ ಇಪ್ಪತ್ತು ನಿಮಿಷ. ಈ ಹೊತ್ತಿನಲ್ಲಿ ಉಜ್ಜಬೇಕೆಂದು ಕೈ ತವಕಿಸುತ್ತದೆ. ಉಜ್ಜಬೇಡಿ. ಬೇಕಾದರೆ ಪಕ್ಕದ ಜಾಗಕ್ಕೆ ಇನ್ನೊಂದು ಪಟ್ಟಿ ಹಾಕಿ.

ಬಟ್ಟೆಯ ಅಂಚನ್ನು ಮೆಲ್ಲಗೆ ಎತ್ತಿ ನೋಡಿದರೆ, ಗುಂಡಗಿದ್ದ ಚುಕ್ಕೆಯ ಅಂಚು ಕದಡಿ, ಅದರಿಂದ ಚಹಾದ ಡಿಕಾಕ್ಷನ್ನಿನ ಬಣ್ಣದ ಗೆರೆಯೊಂದು ಕೆಳಕ್ಕೆ ಇಳಿಯುತ್ತಿರುತ್ತದೆ. ಅದೇ ಸೂಚನೆ. ಈಗ ಬಟ್ಟೆಯ ಚೊಕ್ಕ ಮಡಿಕೆಯೊಂದರಿಂದ ಚುಕ್ಕೆಯನ್ನು ಹೊರ ಅಂಚಿನಿಂದ ನಡುವಿಗೆ ಒಮ್ಮೆ ಚಿವುಟಿ ಎತ್ತಿದಂತೆ ತೆಗೆಯಿರಿ. ಡಾಂಬರು ಬಟ್ಟೆಗೆ ಬರುತ್ತದೆ, ನಡುವೆ ಸಾಸಿವೆಯಷ್ಟು ತಿರುಳು ಉಳಿಯುತ್ತದೆ. ಬಟ್ಟೆಯನ್ನು ಮಡಚಿ ಹೊಸ ಮುಖ ಮಾಡಿಕೊಂಡು ಮತ್ತೊಂದು ನಿಮಿಷ ಒತ್ತಿ, ಮತ್ತೆ ಎತ್ತಿ. ಒಂದು ಮುಖವನ್ನು ಎರಡು ಸಲ ಬಳಸಿದರೆ ಮೊದಲ ಚುಕ್ಕೆಯ ಡಾಂಬರನ್ನು ಎರಡನೆಯದರ ಸುತ್ತ ಬಳಿದಂತೆಯೇ. ಎಂಟು ಮಡಿಕೆಯಾಗುವಂತೆ ಮಡಚಿದ ಒಂದು ತುಂಡು ಕೆಲವು ಚುಕ್ಕೆಗಳಿಗೆ ಆಗುತ್ತದೆ, ಆಮೇಲೆ ಅದನ್ನು ಪಕ್ಕಕ್ಕಿಡಿ. ಒಂದಡಿ ಜಾಗ ಮುಗಿದೊಡನೆ ಶಾಂಪೂ ನೀರಿನ ಬಟ್ಟೆಯಿಂದ ಒರೆಸಿ, ಬರಿ ನೀರಿನಿಂದ ತೊಳೆದು ಮುಂದಿನ ಜಾಗಕ್ಕೆ ಹೋಗಿ. ಗಾಡಿಯಿಡೀ ಮುಗಿಸಿ ಕೊನೆಗೊಮ್ಮೆ ತೊಳೆಯುತ್ತೇನೆಂದರೆ ಅಷ್ಟರಲ್ಲಿ ಕರಗಿದ ಕಂದು ನೀರು ಕೆಳಗಿನ ಬೀಡಿಂಗಿನ ಸಂದಿಯಲ್ಲಿ ಸೇರಿ ಕೂತಿರುತ್ತದೆ.

ಮುಂಗೋಡೆ ಮತ್ತು ಎರಡು ಪಕ್ಕಗಳ ಕೆಳಗಿನ ಭಾಗಕ್ಕೆ ಅರ್ಧ ಲೀಟರು ದ್ರಾವಣ ಧಾರಾಳವಾಗಿ ಸಾಕು, ಹೊತ್ತು ಮಾತ್ರ ಮೂರು ನಾಲ್ಕು ಗಂಟೆ ಬೇಕು.

ಜಲ್ಲಿ ಹುದುಗಿದ ಗಡ್ಡೆಗಳು

ಗಾಲಿಯ ಕಮಾನು, ಮಡ್‌ಫ್ಲಾಪು, ಚಾಸಿಯ ಕಬ್ಬಿಣ ಇವುಗಳ ಮೇಲೆ ಚುಕ್ಕೆಯ ಬದಲು ಜಲ್ಲಿಕಲ್ಲು ಹುದುಗಿದ ಗಡ್ಡೆಗಳಿರುತ್ತವೆ. ಇವನ್ನು ನೇರವಾಗಿ ಕರಗಿಸಹೊರಟರೆ ದ್ರಾವಣವೂ ತಾಳ್ಮೆಯೂ ಒಟ್ಟಿಗೇ ಮುಗಿಯುತ್ತವೆ. ಪ್ಲಾಸ್ಟಿಕ್ ಚೀಲದಲ್ಲಿ ಮಂಜುಗಡ್ಡೆ ತುಂಬಿ ಹತ್ತು ನಿಮಿಷ ಒತ್ತಿಹಿಡಿದರೆ ಡಾಂಬರು ಬೆಲ್ಲದ ಅಚ್ಚಿನಂತೆ ಪೆಡಸಾಗುತ್ತದೆ. ಆಗ ಐಸ್‌ಕ್ರೀಮ್ ಕಡ್ಡಿಯನ್ನೋ ಹಳೆಯ ಪ್ಲಾಸ್ಟಿಕ್ ಕಾರ್ಡನ್ನೋ ಅಂಚಿಗೆ ಕೊಟ್ಟು ಮೀಟಿದರೆ ಗಡ್ಡೆ ಚಕ್ಕೆಯಾಗಿ ಏಳುತ್ತದೆ, ಉಳಿದ ತೆಳುಪದರಕ್ಕೆ ಎಣ್ಣೆಪಟ್ಟಿ ಹಾಕಬಹುದು. ಬ್ಲೇಡು, ಚಾಕು, ಪಾತ್ರೆ ತಿಕ್ಕುವ ತಂತಿಯ ಜುಂಗು ಇವು ಚಾಸಿಯ ಹತ್ತಿರವೂ ಸುಳಿಯಬಾರದು. ಕಬ್ಬಿಣದ ಮೇಲಿನ ಬಣ್ಣ ಗೀಚಿದ ಜಾಗದಲ್ಲಿ ಕೊಂಕಣದ ಒಂದೇ ಮಳೆಗಾಲಕ್ಕೆ ತುಕ್ಕು ಮೂಡುತ್ತದೆ. ಬ್ರೇಕಿನ ಡ್ರಮ್ಮಿಗೆ, ಟಯರಿಗೆ ಎಣ್ಣೆ ತಾಕದಂತೆ ಗಾಲಿಗೆ ಗೋಣಿಚೀಲ ಮುಚ್ಚಿ. ಟಯರಿಗೆ ಹತ್ತಿದ ಡಾಂಬರನ್ನು ತೆಗೆಯಲು ಹೋಗುವುದೇ ಬೇಡ, ಹತ್ತು ಕಿಲೋಮೀಟರ್ ಓಡಿದರೆ ಅದು ತಾನಾಗಿ ಹೋಗುತ್ತದೆ.

ಸೂಕ್ಷ್ಮವಾದ ಜಾಗಗಳು

ಅಕ್ರಿಲಿಕ್ ಕಿಟಕಿಗೆ ಶೇಂಗಾ ಎಣ್ಣೆಯಲ್ಲಿ ನೆನೆದ ಹತ್ತಿಯ ಉಂಡೆಯನ್ನು ಅರ್ಧ ಗಂಟೆ ಅಂಟಿಸಿಟ್ಟು, ಹತ್ತಿಯಿಂದಲೇ ಹಗುರಾಗಿ ಎತ್ತಿ, ಸೋಪು ನೀರಿನಿಂದ ತೊಳೆಯಿರಿ. ಹಟ ಮಾಡಿದರೆ ಮಾತ್ರ ಸೀಮೆಎಣ್ಣೆ. ಮನೆಯ ಗಾಜು ಒರೆಸುವ ನೀಲಿ ದ್ರಾವಣ, ಸ್ಪಿರಿಟ್, ಸ್ಯಾನಿಟೈಸರ್ ಇವುಗಳಿಂದಲೂ ಅಕ್ರಿಲಿಕ್ ಬಿರುಕು ಬಿಡುತ್ತದೆ. ದೀಪದ ಹೊದಿಕೆಗಳಿಗೂ ಇದೇ ಕ್ರಮ.

ಸ್ಟಿಕರ್ ಮತ್ತು ಕೆಂಪು ಬಿಳಿ ಪ್ರತಿಫಲಕ ಟೇಪಿನ ಮೇಲೆ ಅಡುಗೆ ಎಣ್ಣೆಯೊಂದೇ, ಅದೂ ನಡುಭಾಗದಲ್ಲಿ. ಅಂಚಿನಲ್ಲಿ ಚುಕ್ಕೆಯಿದ್ದರೆ ಅದನ್ನು ಹಾಗೇ ಬಿಡುವುದು ಲೇಸು, ಏಕೆಂದರೆ ಅಂಚಿನಿಂದ ಒಳನುಗ್ಗಿದ ಎಣ್ಣೆ ಅಂಟನ್ನು ಬಿಡಿಸುತ್ತದೆ. ರಾತ್ರಿಯಲ್ಲಿ ಹಿಂದಿನ ಲಾರಿಯವರಿಗೆ ಗಾಡಿ ಕಾಣುವಂತೆ ಮಾಡುವ ಟೇಪು ಒಂದು ಕಪ್ಪು ಚುಕ್ಕೆಗಿಂತ ಬೆಲೆಯುಳ್ಳದ್ದು.

ಬೀಡಿಂಗಿನ ಮೇಲಿನ ಡಾಂಬರಿಗೆ ಬೆರಳ ತುದಿಯಷ್ಟು ಅಡುಗೆ ಎಣ್ಣೆ ಹಚ್ಚಿ, ಐದೇ ನಿಮಿಷದಲ್ಲಿ ಒರೆಸಿ, ತಕ್ಷಣ ಸೋಪು ನೀರು ಹಾಕಿ. ಗಾಡಿಯ ಪಕ್ಕಕ್ಕೆ ಬಿಚ್ಚುವ ಚಪ್ಪರದ ಬಟ್ಟೆಗೆ ಹತ್ತಿದ್ದರೆ ಮಂಜುಗಡ್ಡೆಯಿಂದ ಪೆಡಸು ಮಾಡಿ ಚಕ್ಕೆ ಎಬ್ಬಿಸುವುದಷ್ಟೇ ದಾರಿ. ಎಣ್ಣೆ ಹಾಕಿದರೆ ಚುಕ್ಕೆ ಹೋಗಿ ಅಂಗೈಯಗಲದ ಜಿಡ್ಡು ಬರುತ್ತದೆ.

ಹಳದಿ ನೆರಳು ಉಳಿದರೆ

ಹಳೆಯ ಜೆಲ್‌ಕೋಟಿನ ಮೇಲೆ ಚುಕ್ಕೆ ಹೋದ ಮೇಲೂ ಹಳದಿ ನೆರಳೊಂದು ಉಳಿಯುತ್ತದೆ. ಅದು ಪದರದ ಒಳಗಿಳಿದ ಎಣ್ಣೆಯಂಶ, ಇನ್ನಷ್ಟು ದ್ರಾವಣ ಹಾಕಿದರೆ ಇನ್ನೂ ಒಳಕ್ಕೆ ಇಳಿದೀತು. ಗಾಡಿ ಪೂರ್ತಿ ಒಣಗಿದ ಮೇಲೆ, ಪಾಲಿಶಿನವರು ರಬ್ಬಿಂಗ್ ಕಾಂಪೌಂಡ್ ಎನ್ನುವ ನಯವಾದ ಲೇಪವನ್ನು ಒದ್ದೆ ಬಟ್ಟೆಯಲ್ಲಿ ಕಡಲೆಕಾಳಿನಷ್ಟು ತೆಗೆದುಕೊಂಡು, ಹಗುರವಾಗಿ ಸುತ್ತು ಸುತ್ತಾಗಿ ಉಜ್ಜಿ. ಇಡೀ ಕೆಲಸದಲ್ಲಿ ಉಜ್ಜಲು ಅನುಮತಿಯಿರುವ ಜಾಗ ಇದೊಂದೇ. ಇದು ಜೆಲ್‌ಕೋಟಿನ ಮೇಲಿನ ಸತ್ತ ಪದರವನ್ನು ಕೆರೆದು ತೆಗೆಯುವ ಕ್ರಿಯೆಯಾದ್ದರಿಂದ ಒಂದೇ ಜಾಗದಲ್ಲಿ ವರ್ಷ ವರ್ಷವೂ ಮಾಡುವಂತಿಲ್ಲ. ಮಸುಕಾದ ನೆರಳೊಂದು ಉಳಿದರೆ ಅದನ್ನು ಬಿಸಿಲಿಗೆ ಬಿಟ್ಟುಬಿಡುವುದು ನನ್ನ ರೂಢಿ.

ವ್ಯಾಕ್ಸು, ಬಟ್ಟೆಗಳ ವಿಲೇವಾರಿ

ಡಾಂಬರನ್ನು ಕರಗಿಸುವ ದ್ರಾವಣ ಹಳೆಯ ವ್ಯಾಕ್ಸನ್ನೂ ಕರಗಿಸುತ್ತದೆ. ಆದ್ದರಿಂದ ಇಡೀ ಗಾಡಿಯನ್ನು ಕೊನೆಯ ಬಾರಿ ಶಾಂಪೂ ಹಾಕಿ ತೊಳೆದು, ಎಣ್ಣೆಯ ಜಿಡ್ಡು ಹೋಗಿದೆಯೇ ಎಂದು ನೀರೆರಚಿ ನೋಡಿ ಒಣಗಿಸಿ, ಮುಂಗೋಡೆಗೂ ಪಕ್ಕದ ಕೆಳಭಾಗಕ್ಕೂ ಹೊಸ ವ್ಯಾಕ್ಸ್ ಹಚ್ಚಲೇಬೇಕು. ವ್ಯಾಕ್ಸ್ ಇರುವ ಗೋಡೆಯಿಂದ ಮುಂದಿನ ಸಲ ಡಾಂಬರು ಅರ್ಧ ಹೊತ್ತಿನಲ್ಲಿ ಏಳುತ್ತದೆ.

ಎಣ್ಣೆಬಟ್ಟೆಗಳನ್ನು ಮುದ್ದೆ ಮಾಡಿ ಗಾಡಿಯೊಳಗೋ ಮನೆಯ ಮೂಲೆಯಲ್ಲೋ ಎಸೆಯಬೇಡಿ. ಸೀಮೆಎಣ್ಣೆಯ ಬಟ್ಟೆ ಕಿಡಿಗಾಗಿ ಕಾದಿರುತ್ತದೆ, ಕೆಲವು ಅಡುಗೆ ಎಣ್ಣೆಗಳಲ್ಲಿ ನೆನೆದ ಬಟ್ಟೆಯ ಮುದ್ದೆ ಒಳಗೊಳಗೇ ಕಾದು ತಾನಾಗಿ ಹೊತ್ತಿಕೊಳ್ಳುವುದೂ ಉಂಟು. ಒಂದೊಂದನ್ನೂ ಬಯಲಲ್ಲಿ ಬಿಡಿಸಿ ಹರಡಿ ಪೂರ್ತಿ ಒಣಗಿಸಿ, ಬೇರೆಯದೇ ಚೀಲದಲ್ಲಿ ಕಟ್ಟಿ ಕಸದವರಿಗೆ ತಿಳಿಸಿ ಕೊಡಿ. ನೆಲಕ್ಕೆ ಬಿದ್ದ ಕಂದು ದ್ರಾವಣದ ಮೇಲೆ ಮರದ ಹೊಟ್ಟು ಉದುರಿಸಿ ಹೀರಿಸಿ ಗುಡಿಸಬೇಕು, ಸೊಸೈಟಿಯ ಮಳೆನೀರಿನ ಗಟಾರಕ್ಕೆ ಅದನ್ನು ಬಿಡಬಾರದು.

ಮುಂದಿನ ಪ್ರಯಾಣಕ್ಕೆ

ಎಳೆಯುವ ವಾಹನದ ಹಿಂಗಾಲಿಗಳಿಗೆ ನೆಲದಿಂದ ಒಂದು ಗೇಣಿನ ಎತ್ತರದವರೆಗೆ ಇಳಿಯುವ ಅಗಲವಾದ ಮಡ್‌ಫ್ಲಾಪ್ ಹಾಕಿಸಿದ ಮೇಲೆ ನಮ್ಮ ಗಾಡಿಮನೆಯ ಮುಂಗೋಡೆಗೆ ಬೀಳುವ ಚುಕ್ಕೆಗಳು ಕಣ್ಣಿಗೆ ಕಾಣುವಷ್ಟು ಕಡಿಮೆಯಾದವು. ಕಾಮಗಾರಿಯ ಫಲಕ ಕಂಡೊಡನೆ ವೇಗವನ್ನು ತಗ್ಗಿಸಿ, ಮುಂದಿನ ಲಾರಿಯಿಂದ ದೂರ ಉಳಿಯಿರಿ. ಹೊರಡುವಾಗ ಒಂದು ಸಣ್ಣ ಬಾಟಲಿ ಶೇಂಗಾ ಎಣ್ಣೆ, ಒಂದು ಹಿಡಿ ಹತ್ತಿಯನ್ನು ಹೊರಗಿನ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಿ. ರಾತ್ರಿ ತಂಗುವ ಜಾಗದಲ್ಲಿ ಮುಂಗೋಡೆಯನ್ನು ನೀರಿನಿಂದ ತೊಳೆದು, ಹೊಸ ಚುಕ್ಕೆಗಳಿಗೆ ಎಣ್ಣೆ ಮುಟ್ಟಿಸಿ ಹಾಗೆಯೇ ಬಿಟ್ಟು ಮಲಗಿ. ಬೆಳಗ್ಗೆ ಚಹಾಕ್ಕೆ ನೀರು ಕಾಯುವಷ್ಟರಲ್ಲಿ ಅವುಗಳಲ್ಲಿ ಮುಕ್ಕಾಲು ಪಾಲನ್ನು ಹತ್ತಿಯಿಂದ ಎತ್ತಿ ತೆಗೆದು, ಸೋಪು ನೀರು ಹಾಕಿ, ಗಾಡಿ ಹೊರಡಿಸಬಹುದು.